ತುಂಗೆಯಿಂದ ಭದ್ರೆಗೆ: ದಾರಿಯಲ್ಲಿ ದೊರೆತ ಪಾಠ

ಶಿವಮೊಗ್ಗದಿಂದ ಭದ್ರಾವತಿಗೆ ಇರುವ ಅಂತರ ಇಪ್ಪತ್ತು ಕಿಲೋಮೀಟರಿನ ಒಳಗೇ. ಇಷ್ಟು ಅಲ್ಪ ದೂರದ ಪಯಣವನ್ನು ಪ್ರವಾಸವೆಂದು ಕರೆದರೆ ವಾಚಕರು ನಕ್ಕಾರು. ಆದರೆ ಕಳೆದ ಬೇಸಿಗೆಯಲ್ಲಿ ಈ ದಾರಿಯನ್ನು ಕ್ರಮಿಸಲು ನನಗೆ ನಾಲ್ಕು ಗಂಟೆಗಳು ಹಿಡಿದವು. ಆ ನಾಲ್ಕು ಗಂಟೆಗಳಲ್ಲಿ ಕಲಿತುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮಠದ ಉಚಿತ ಪ್ರಸಾದ ನಿಲಯದಲ್ಲಿ ನನ್ನೊಡನೆ ಓದಿದ ಗೆಳೆಯರೊಬ್ಬರು ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ಅಲ್ಲಿಯೇ ಲಿಂಗೈಕ್ಯರಾಗಿದ್ದರು. ಅವರ ಶಿವಗಣಾರಾಧನೆಗೆ ಹೊರಟಿದ್ದೆ. ವಾಹನ ನಮ್ಮ ಮನೆಯ ಅಂಬಾಸಡರ್. 1988ರ ಪೆಟ್ರೋಲ್ ಕಾರು. ಬಂಗಾಳದ ಉತ್ತರಪಾರಾದಲ್ಲಿ ಈ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಐದೇ ಅಂಕಿಗಳ ಅದರ ಕಿಲೋಮೀಟರ್ ಮಾಪಕವು ಈಗಾಗಲೇ ಎರಡು ಬಾರಿ ಲಕ್ಷವನ್ನು ಮುಟ್ಟಿ ಸೊನ್ನೆಗೆ ಮರಳಿದೆ. ಪ್ರವಚನಗಳಿಗೆಂದು ಮಲೆನಾಡಿನ ಊರೂರು ಸುತ್ತಿಸಿದ ಈ ಹಳೆಯ ಸಂಗಾತಿಯನ್ನು ಮಾರಲು ಮನಸ್ಸು ಒಪ್ಪಿಲ್ಲ.

ಬಿ.ಎಚ್. ರಸ್ತೆಯಲ್ಲಿ ಬೆಕ್ಕಿನ ಕಲ್ಮಠಕ್ಕೆ ದೂರದಿಂದಲೇ ಕೈಮುಗಿದು, ತುಂಗೆಯ ಸೇತುವೆಯನ್ನು ದಾಟಿದೆವು. ನದಿಯಲ್ಲಿ ಬಂಡೆಗಳು ಮೈ ತೋರಿದ್ದವು. ವಿದ್ಯಾನಗರ, ಮಲವಗೊಪ್ಪಗಳನ್ನು ಹಿಂದಿಕ್ಕಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವನ್ನು ಕಳೆದ ಸ್ವಲ್ಪ ಹೊತ್ತಿಗೆ ಕಾರು ಎರಡು ಮೂರು ಬಾರಿ ಮುಗ್ಗರಿಸಿ ನಿಂತೇಬಿಟ್ಟಿತು. ಗಂಟೆ ಒಂಬತ್ತೂವರೆ. ಆರಾಧನೆ ಹನ್ನೊಂದಕ್ಕೆ.

ಇಲ್ಲಿ ನಾನೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಎಂಟು ದಿನಗಳ ಹಿಂದೆಯೇ ನಮ್ಮ ಚಾಲಕ, "ಶಾಸ್ತ್ರಿಗಳೇ, ಆಯಿಲ್ ಕಡ್ಡಿಯಲ್ಲಿ ಪೆಟ್ರೋಲಿನ ವಾಸನೆ ಬರ್ತಾ ಇದೆ. ಎರಡು ದಿನ ಗಾಡಿ ಬಿಟ್ಟರೆ ತೋರಿಸಿಕೊಂಡು ಬರ್ತೀನಿ" ಎಂದಿದ್ದ. ಸಾಲು ಸಾಲು ಕಾರ್ಯಕ್ರಮಗಳಿದ್ದವು. ರಜೆ ಪಡೆಯುವ ನೆಪವಿರಬೇಕೆಂದು ನಾನು ಕಿವಿಗೊಡಲಿಲ್ಲ. ಈಗ ನಡುರಸ್ತೆಯಲ್ಲಿ ಆ ಮಾತನ್ನೇ ಮರೆತು, "ಹೊರಡುವ ಮೊದಲು ಗಾಡಿಯನ್ನು ನೋಡಿಕೊಳ್ಳಲು ಬಾರದೇ?" ಎಂದು ಅವನನ್ನೇ ಗದರಿಸಿದೆ. ಅವನು ಎದುರಾಡದೆ ತಲೆ ತಗ್ಗಿಸಿ, ಮುಂದಿನ ತಿರುವಿನಲ್ಲಿದ್ದ ಸಣ್ಣ ಗ್ಯಾರೇಜಿನತ್ತ ನಡೆದುಹೋದ.

ಅವನೊಡನೆ ಬಂದ ಮೆಕ್ಯಾನಿಕ್ ನಲವತ್ತು ದಾಟಿದವನು. ಮೊದಲು ಯಾವ ಬೋಲ್ಟಿಗೂ ಕೈ ಹಚ್ಚಲಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ, ಫಿಲ್ಟರ್ ಕಟ್ಟಿದೆಯೇ, ರಬ್ಬರ್ ಪೈಪು ಬಿರುಕುಬಿಟ್ಟು ಗಾಳಿ ಎಳೆಯುತ್ತಿದೆಯೇ ಎಂದು ಒಂದೊಂದಾಗಿ ನೋಡಿದ. ಬಳಿಕ ಕಾರ್ಬುರೇಟರಿಗೆ ಹೋಗುವ ಪೈಪನ್ನು ಕಳಚಿ, ಅದರ ತುದಿಯನ್ನು ಬಾಟಲಿಯೊಳಗೆ ಹಿಡಿದು ಎಂಜಿನ್ ತಿರುಗಿಸಲು ಹೇಳಿದ. ಚಿಮ್ಮಬೇಕಾಗಿದ್ದ ಪೆಟ್ರೋಲ್ ನಾಲ್ಕು ಹನಿಗಳಲ್ಲಿ ಮುಗಿಯಿತು. "ಎ.ಸಿ. ಪಂಪು ಹೋಗಿದೆ ಗುರುಗಳೇ" ಎಂದ.

ತಂಪು ಗಾಳಿಯ ಯಂತ್ರಕ್ಕೂ ಈ ಪಂಪಿಗೂ ಸಂಬಂಧವಿಲ್ಲ. ಹಿಂದಿನ ಟ್ಯಾಂಕಿನಿಂದ ಮುಂದಿನ ಎಂಜಿನ್ನಿಗೆ ಇಂಧನವನ್ನು ಎಳೆದುಕೊಡುವ ಮುಷ್ಟಿ ಗಾತ್ರದ ಅಂಗ ಅದು. ಎಂಜಿನ್ನಿನೊಳಗೆ ತಿರುಗುವ ದಂಡವೊಂದು ಪಂಪಿನ ಸನ್ನೆಯನ್ನು ಒತ್ತುತ್ತದೆ. ಸನ್ನೆಯು ಡಯಾಫ್ರಂ ಎಂಬ ತೆಳುಪೊರೆಯನ್ನು ಕೆಳಗೆ ಎಳೆದಾಗ ಪೆಟ್ರೋಲ್ ಒಳಬರುತ್ತದೆ. ಸ್ಪ್ರಿಂಗು ಪೊರೆಯನ್ನು ಮೇಲೆ ದೂಡಿದಾಗ ಕಾರ್ಬುರೇಟರಿಗೆ ಹೋಗುತ್ತದೆ. ಹೋದದ್ದು ಹಿಂದಿರುಗದಂತೆ ಎರಡು ಪುಟ್ಟ ಕವಾಟಗಳಿವೆ. ಈಗಿನ ಕಾರುಗಳಲ್ಲಿ ಟ್ಯಾಂಕಿನೊಳಗೇ ವಿದ್ಯುತ್ ಪಂಪು ಮುಳುಗಿರುತ್ತದೆ. ಸುತ್ತಲಿನ ಪೆಟ್ರೋಲೇ ಅದಕ್ಕೆ ತಂಪು. ಸದಾ ಟ್ಯಾಂಕ್ ಬರಿದಾಗುವವರೆಗೆ ಓಡಿಸುವವರ ಪಂಪು ಬೇಗ ಸುಡುತ್ತದೆಯಂತೆ. ಹಳೆಯ ಗಾಡಿಗಳ ಕಷ್ಟವೇ ಬೇರೆ. ಪೆಟ್ರೋಲಿನಲ್ಲಿ ಈಗ ಶೇಕಡ 20ರವರೆಗೆ ಎಥನಾಲ್ ಬೆರೆಯುತ್ತದೆ. ಅದಕ್ಕೆಂದು ತಯಾರಾಗದ ಹಳೆಯ ರಬ್ಬರು ಉಬ್ಬುತ್ತದೆ, ಬಿರಿಯುತ್ತದೆ.

ಮೆಕ್ಯಾನಿಕ್ ಆಯಿಲ್ ಕಡ್ಡಿಯನ್ನು ಎಳೆದು ಮೂಸಿ, ನನ್ನ ಮುಂದೆ ಹಿಡಿದ. ಆಯಿಲ್ ಮೊದಲಿಗಿಂತ ಮೇಲೇರಿತ್ತು, ನೀರಾಗಿತ್ತು. "ಪೊರೆ ಹರಿದು ಪೆಟ್ರೋಲು ಆಯಿಲಿಗೆ ಇಳಿದಿದೆ. ಹೀಗೇ ಓಡಿಸಿದ್ದರೆ ಬೇರಿಂಗುಗಳೇ ಹೋಗ್ತಿದ್ದವು. ಬೆಂಕಿಯ ಭಯ ಬೇರೆ. ವಾಸನೆ ಬಂದ ದಿನವೇ ಯಾಕೆ ತರಲಿಲ್ಲ?" ಎಂದು ಚಾಲಕನನ್ನು ಕೇಳಿದ. ಚಾಲಕ ನನ್ನತ್ತ ನೋಡಲೂ ಇಲ್ಲ, ನನ್ನ ಹೆಸರನ್ನು ಹೇಳಲೂ ಇಲ್ಲ. "ತಡವಾಯ್ತಣ್ಣ" ಎಂದಷ್ಟೇ ಅಂದ. ಆ ಒಂದು ಮಾತು ನನ್ನ ಎದೆಗೆ ನಾಟಿತು. "ಅವನು ಹೇಳಿದ್ದನಪ್ಪಾ, ಕೇಳದೆ ಹೋದವನು ನಾನು" ಎಂದು ಇಬ್ಬರ ಮುಂದೆಯೂ ಒಪ್ಪಿಕೊಂಡೆ.

ಕಾರಿನ ಮೇಲೆ ಪೆಟ್ರೋಲ್ ಡಬ್ಬಿಯಿಟ್ಟು ಪೈಪಿನಿಂದ ನೇರವಾಗಿ ಇಳಿಸಿ ಭದ್ರಾವತಿ ಮುಟ್ಟಬಹುದೇ ಎಂದು ನಾನೇ ಕೇಳಿದೆ. ಹಿಂದೆ ಹಾಗೆ ಮಾಡಿದವರನ್ನು ಕಂಡಿದ್ದೆ. "ಬಿಸಿ ಎಂಜಿನ್ ಮೇಲೆ ಪೆಟ್ರೋಲು ಚೆಲ್ಲಿದರೆ ಗತಿಯೇನು ಗುರುಗಳೇ? ಆ ಕೆಲಸ ನಾನು ಮಾಡೋಲ್ಲ" ಎಂದು ಖಂಡಿತವಾಗಿ ನುಡಿದ. ಹುಡುಗನೊಬ್ಬನನ್ನು ಬೈಕಿನಲ್ಲಿ ಶಿವಮೊಗ್ಗಕ್ಕೆ ಕಳುಹಿಸಿ ಹೊಸ ಪಂಪನ್ನೂ ಆಯಿಲನ್ನೂ ತರಿಸಿದ.

ಕಾಯುವ ಹೊತ್ತಿನಲ್ಲಿ ಮಾತು ಕಾರ್ಖಾನೆಯತ್ತ ತಿರುಗಿತು. ಅವನ ತಂದೆ ಅಲ್ಲಿನ ಕುಲುಮೆಯ ಕಾರ್ಮಿಕರಾಗಿದ್ದರು. ಇವನೂ ಕೆಲಕಾಲ ಗುತ್ತಿಗೆಯ ಕೆಲಸದಲ್ಲಿದ್ದ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ 1918ರಲ್ಲಿ ಸ್ಥಾಪನೆಗೊಂಡು, 1923ರಲ್ಲಿ ಕಬ್ಬಿಣ ಕೊಡತೊಡಗಿದ ಕಾರ್ಖಾನೆ ಅದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು, ಭದ್ರೆಯ ನೀರು ಕೂಡಿ ಬೆಂಕಿಪುರವೆಂಬ ಹಳ್ಳಿ ಭದ್ರಾವತಿ ನಗರವಾಯಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸೇರಿತು. ಕಾಗದದ ಯಂತ್ರಗಳು ನಿಂತುಹೋದವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕುಳಿತರು. "ಕುಲುಮೆ ಆರಿದರೆ ಮತ್ತೆ ಹೊತ್ತಿಸೋದು ಕಷ್ಟ ಅಂತ ಅಪ್ಪ ಹೇಳ್ತಿದ್ರು. ಅದಕ್ಕೇ ನಾನು ಸ್ಪ್ಯಾನರ್ ಹಿಡಿದೆ" ಎಂದ.

ಪಂಪು ಬಂದಿತು. ಮೊದಲು ಬ್ಯಾಟರಿಯ ತಂತಿಯನ್ನು ಕಳಚಿದ. ಪೈಪಿನ ಬಾಯನ್ನು ಮುಚ್ಚಿದ. ಹಳೆಯ ಪ್ಯಾಕಿಂಗಿನ ಚೂರೂ ಉಳಿಯದಂತೆ ಕೆರೆದು ತೆಗೆದ. ಹೊಸ ಪಂಪಿನ ಸನ್ನೆ ಸರಿಯಾಗಿ ಕೂತಿತೇ ಎಂದು ಬೆರಳಿನಿಂದ ನೋಡಿ, ಎರಡು ಬೋಲ್ಟುಗಳನ್ನು ಒಂದಿಷ್ಟು ಇದನ್ನು, ಒಂದಿಷ್ಟು ಅದನ್ನು ಸಮನಾಗಿ ಬಿಗಿದ. ಪೆಟ್ರೋಲ್ ಬೆರೆತ ಆಯಿಲನ್ನೆಲ್ಲ ಬಸಿದು ಹೊಸದನ್ನು ತುಂಬಿದ. ಕಾರು ಹೊರಟ ಮೇಲೂ ಹತ್ತು ನಿಮಿಷ ನಿಲ್ಲಿಸಿಕೊಂಡು ಎಲ್ಲಿಯೂ ಜಿನುಗುವುದಿಲ್ಲವೆಂದು ಖಚಿತಪಡಿಸಿಕೊಂಡ. ಅವನು ಕೇಳಿದ್ದಕ್ಕಿಂತ ಹೆಚ್ಚಿನ ಹಣವನ್ನು ಕೈಗಿತ್ತೆ. ಎಣಿಸಿ, ಹೆಚ್ಚಿನದನ್ನು ಮರಳಿಸಿದ. ಅಂಗಳದಲ್ಲಿ ಆಯ್ದ ಅಕ್ಕಿ ಹೆಚ್ಚಾಯಿತೆಂದು ಮಾರಯ್ಯನವರನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾನು ನೂರಾರು ವೇದಿಕೆಗಳಲ್ಲಿ ಹೇಳಿದ್ದೇನೆ. ಕಣ್ಣಾರೆ ಕಂಡದ್ದು ಅಂದು.

ಭದ್ರೆಯ ಸೇತುವೆ ದಾಟಿ ಗೆಳೆಯನ ಮನೆ ಸೇರುವಾಗ ಒಂದೂವರೆ. ಆರಾಧನೆ ಮುಗಿದು ಕೊನೆಯ ಪಂಕ್ತಿ ಕೂರುವುದರಲ್ಲಿತ್ತು. ಲಿಂಗೈಕ್ಯನ ಭಾವಚಿತ್ರಕ್ಕೆ ವಿಭೂತಿ, ಹೂವು ಏರಿಸಿ ಕ್ಷಮೆ ಬೇಡಿದೆ. "ಅಣ್ಣಾ, ಬಂದಿರಲ್ಲ, ಅಷ್ಟೇ ಸಾಕು. ಪ್ರಸಾದಕ್ಕೆ ಏಳಿ" ಎಂದರು ಅವನ ಮಡದಿ. ಎಷ್ಟೋ ವರ್ಷಗಳಿಂದ ನಮ್ಮ ಚಾಲಕ ನಾನು ಉಂಡೆದ್ದ ಮೇಲೆ ಎಲ್ಲೋ ಮೂಲೆಯಲ್ಲಿ ಉಣ್ಣುತ್ತಿದ್ದ. ಅದು ಯಾರೂ ಹೇಳದೆ ಬೆಳೆದುಬಂದ ರೂಢಿ. ಸಮಪಂಕ್ತಿಯ ಹಿರಿಮೆಯನ್ನು ಜಗತ್ತಿಗೆ ಸಾರುವ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಅಂದು ಹೊರಗೆ ಹೋಗಿ ಅವನನ್ನು ಕರೆದೆ. ಕೈಗೆ ಗ್ರೀಸು ಹತ್ತಿದೆಯೆಂದು ಹಿಂಜರಿದ. ತೊಳೆದು ಬರುವವರೆಗೆ ಎಲೆಯ ಮುಂದೆ ಕುಳಿತು ಕಾದೆ.

ಮರಳುವಾಗ ಮಾಚೇನಹಳ್ಳಿಯ ಬಳಿ ಅವನು, "ಶಾಸ್ತ್ರಿಗಳೇ, ಹಿಂದಿನ ಬ್ರೇಕ್ ಸ್ವಲ್ಪ ಶಬ್ದ ಮಾಡ್ತಾ ಇದೆ" ಎಂದ. ಮರುದಿನದ ಕಾರ್ಯಕ್ರಮಕ್ಕೆ ನಾನು ಬಸ್ಸಿನಲ್ಲಿ ಹೋದೆ.