ದಾಫೆನ್ ಓಣಿಯ ಸೂರ್ಯಕಾಂತಿಗಳು

ಚೀನಾದ ಶೆನ್‌ಜೆನ್ ಮೆಟ್ರೊದ 3ನೇ ಲೈನಿನಲ್ಲಿ ದಾಫೆನ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ, ಊರಬಾಗಿಲಲ್ಲಿ ಕುಂಚ ಹಿಡಿದ ದೈತ್ಯ ಕೈಯೊಂದರ ಶಿಲ್ಪ. ಅದನ್ನು ದಾಟಿದ್ದೇ ತಡ, ಎಣ್ಣೆಬಣ್ಣ, ಟರ್ಪಂಟೈನು, ಯಾರದೋ ಮನೆಯ ಬೆಳ್ಳುಳ್ಳಿ ಹುರಿದ ಘಾಟು ಎಲ್ಲ ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ಅರ್ಧ ಚದರ ಕಿಲೋಮೀಟರೂ ಇಲ್ಲದ ಜಾಗ. ಅದರೊಳಗೆ ಸಾವಿರಾರು ಚಿತ್ರಕಾರರು! ಒಂದೇ ಅಂಗಡಿಯಲ್ಲಿ ಮೋನಾಲಿಸಾ, ಮಾವೋ, ಫ್ರೆಂಚ್ ಚಿತ್ರಕಾರ ಮೊನೆಯ ತಾವರೆಕೊಳ, ಯಾರದೋ ಮುದ್ದಿನ ನಾಯಿ. ಎತ್ತ ನೋಡಬೇಕೆಂದೇ ತಿಳಿಯಲಿಲ್ಲ.

ಮೊದಲು ಇದು ಹಕ್ಕಾ ಜನರ ಸಣ್ಣ ಹಳ್ಳಿ. 1989ರಲ್ಲಿ ಹುವಾಂಗ್ ಜಿಯಾಂಗ್ ಎಂಬ ಹಾಂಗ್‌ಕಾಂಗಿನ ಚಿತ್ರಕಾರ-ವ್ಯಾಪಾರಿ ಕಡಿಮೆ ಬಾಡಿಗೆ ಹುಡುಕುತ್ತ ಒಂದಷ್ಟು ಜನರನ್ನು ಕಟ್ಟಿಕೊಂಡು ಇಲ್ಲಿಗೆ ಬಂದ. ಅಮೆರಿಕ, ಯುರೋಪಿನ ಅಂಗಡಿಗಳಿಂದ ಪ್ರಸಿದ್ಧ ಚಿತ್ರಗಳ ನಕಲಿಗೆ ಆರ್ಡರುಗಳು ಬರತೊಡಗಿದವು. ಕೆಲಸ ಹುಡುಕಿ ಹಳ್ಳಿ ಬಿಟ್ಟು ಬಂದ ಹುಡುಗರು ಕುಂಚ ಹಿಡಿದರು. 2008ರ ಆರ್ಥಿಕ ಕುಸಿತದಲ್ಲಿ ಹೊರದೇಶದ ಆರ್ಡರು ಕುಗ್ಗಿದಾಗ ಚೀನಾದ್ದೇ ಹೊಸ ಮನೆಗಳ ಗೋಡೆಗಳು ಕೈಹಿಡಿದವು.

ಕಾರ್ಖಾನೆಯನ್ನು ಕಲ್ಪಿಸಿಕೊಂಡು ಹೋದವರಿಗೆ ಇಲ್ಲಿ ಸಿಗುವುದು ಓಣಿ. ಎರಡು ಕಟ್ಟಡಗಳ ನಡುವಿನ ಕಿಷ್ಕಿಂಧೆಯಲ್ಲಿ, ಗೋಡೆಗೆ ಕ್ಯಾನ್‌ವಾಸ್ ಬಡಿದು, ಬನಿಯನ್ ತೊಟ್ಟ ನಡುವಯಸ್ಸಿನವನೊಬ್ಬ ನಿಂತಿದ್ದ. ಪಕ್ಕದಲ್ಲಿ ಚಹಾದ ಫ್ಲಾಸ್ಕು. ಎದುರಿಗೆ ಸಾಲಾಗಿ, ಡಚ್ ಚಿತ್ರಕಾರ ವ್ಯಾನ್‌ಗೋ ಬರೆದ ಸೂರ್ಯಕಾಂತಿ ಹೂದಾನಿಯ ಆರು ನಕಲು. ಹಳದಿ ಅದ್ದಿದ ಕುಂಚ ಮೊದಲನೆಯದರ ಎಸಳಿಗೆ ತಾಗಿ, ಎರಡನೆಯದಕ್ಕೆ, ಮೂರನೆಯದಕ್ಕೆ ಹೋಯಿತು. ಆರೂ ಮುಗಿದ ಮೇಲಷ್ಟೇ ಕಂದು ಬಣ್ಣದ ಸರದಿ. ಮಾದರಿಯ ಫೋಟೊ ಕಡೆ ಅವನು ಕಣ್ಣೆತ್ತಿಯೂ ನೋಡಲಿಲ್ಲ. ತಲೆಯ ಮೇಲೆ, ತಂತಿಗೆ ಒಗೆದ ಬಟ್ಟೆ ಹರವಿದಂತೆ, ಹಸಿ ಚಿತ್ರಗಳು. ಬಗ್ಗಿ ನೋಡಿದೆ: ಮೂರನೆಯದರ ಒಂದು ಎಸಳು ಉಳಿದವಕ್ಕಿಂತ ಕೊಂಚ ಹೆಚ್ಚೇ ಬಾಗಿತ್ತು. ಕೈಯಲ್ಲವೇ, ಯಂತ್ರವಲ್ಲವಲ್ಲ.

ಇದೇ ಊರಿನ ಝಾವೊ ಷಿಯಾವೊಯೊಂಗ್ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ವರ್ಷಗಟ್ಟಲೆ ಬರೆದದ್ದು ವ್ಯಾನ್‌ಗೋನನ್ನೇ, ಸಾವಿರಗಳ ಲೆಕ್ಕದಲ್ಲಿ. ‘ಚೈನಾಸ್ ವ್ಯಾನ್‌ಗೋಸ್’ ಸಾಕ್ಷ್ಯಚಿತ್ರದಲ್ಲಿ ಅವನು ಆಮ್‌ಸ್ಟರ್‌ಡ್ಯಾಮಿಗೆ ಹೋಗುತ್ತಾನೆ. ತನ್ನ ಚಿತ್ರಗಳು ಗ್ಯಾಲರಿಯಲ್ಲಿರುತ್ತವೆ ಅಂದುಕೊಂಡಿದ್ದವನಿಗೆ ಅವು ಕಂಡದ್ದು ಬೀದಿಬದಿಯ ಸ್ಮರಣಿಕೆ ಅಂಗಡಿಯಲ್ಲಿ, ತನಗೆ ಸಿಕ್ಕಿದ್ದಕ್ಕಿಂತ ಹಲವು ಪಟ್ಟು ಬೆಲೆಗೆ. ಆಮೇಲೆ ಅಲ್ಲಿನ ವ್ಯಾನ್‌ಗೋ ಮ್ಯೂಸಿಯಂ ಹೊಕ್ಕು ಅಸಲಿ ಚಿತ್ರಗಳ ಮುಂದೆ ನಿಂತಾಗ, ಬಣ್ಣವೇ ಬೇರೆ ಅನ್ನಿಸುತ್ತದೆ ಅವನಿಗೆ. ಊರಿಗೆ ಮರಳಿದವನು ತನ್ನ ಅಜ್ಜಿಯ ಚಿತ್ರ ಬರೆಯುತ್ತಾನೆ.

ತಮಾಷೆಯೆಂದರೆ, ಆ ಮ್ಯೂಸಿಯಮ್ಮಿನ ಪ್ರಸಿದ್ಧ ಸೂರ್ಯಕಾಂತಿಯೂ ಮೊದಲನೆಯದಲ್ಲ. 1888ರ ಆಗಸ್ಟಿನಲ್ಲಿ ಬರೆದದ್ದು ಈಗ ಲಂಡನ್ನಿನಲ್ಲಿದೆ. ಅದನ್ನೇ ನೋಡಿ ವ್ಯಾನ್‌ಗೋ 1889ರ ಜನವರಿಯಲ್ಲಿ ಮತ್ತೆ ಬರೆದದ್ದು ಆಮ್‌ಸ್ಟರ್‌ಡ್ಯಾಮಿನದು. ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳನ್ನೂ, ಹಿರೊಶಿಗೆಯ ಜಪಾನೀ ಮುದ್ರಣಗಳನ್ನೂ ಆತ ನೋಡಿ ನೋಡಿ ಬರೆದವನೇ. ಆದರೂ ಎರಡನೇ ಸಲ ಬರೆಯುವಾಗ ಅವನಿಗೆ ಮೊದಲನೆಯದರ ಬಣ್ಣ ಬದಲಿಸುವ ಹಕ್ಕಿತ್ತು, ಬದಲಿಸಿದ. ಓಣಿಯ ಬನಿಯನ್ ಮನುಷ್ಯ ಬದಲಿಸಿದರೆ ಗಿರಾಕಿ ಮಾಲು ವಾಪಸು ಕಳಿಸುತ್ತಾನೆ. ನನಗೆ ಕಂಡ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

2007ರಲ್ಲಿ ದಾಫೆನ್ನಿನಲ್ಲೇ ದೊಡ್ಡ ಕಲಾ ಮ್ಯೂಸಿಯಂ ತೆರೆಯಿತು. 2010ರ ಶಾಂಘೈ ಎಕ್ಸ್‌ಪೊಗೆ ಊರಿನ 507 ಚಿತ್ರಕಾರರು 999 ತುಂಡುಗಳಲ್ಲಿ ಒಂದೇ ಮೋನಾಲಿಸಾಳನ್ನು ಬರೆದುಕೊಟ್ಟರು. ಸ್ವಂತ ಚಿತ್ರ ಬರೆಯುವವರ ಅಂಗಡಿಗಳೂ ಈಗ ಇವೆ. ಅಂಥ ಒಂದರಲ್ಲಿ ಮಳೆಯಲ್ಲಿ ನೆಂದ ಇದೇ ಓಣಿಯ ಚಿತ್ರ ನೋಡಿ ಬೆರಗಾಗಿ ಫೋನ್ ಎತ್ತಿದೆ. ಚಿತ್ರ ಬರೆದಾಕೆ ಗೋಡೆಯ ಮೇಲಿನ ಫಲಕ ತೋರಿಸಿದಳು: ಕ್ಯಾಮೆರಾದ ಮೇಲೆ ಕೆಂಪು ಗೀಟು. ಯಾಕೆ ಎಂದು ಕೈಯಲ್ಲೇ ಕೇಳಿದೆ. ಗದ್ದ ಎತ್ತಿ ಎದುರಿನ ಅಂಗಡಿಸಾಲು ತೋರಿಸಿ, ಗಾಳಿಯಲ್ಲಿ ಸರಸರ ಕುಂಚ ಆಡಿಸಿ ನಕ್ಕಳು.