ಇಕ್ಕೇರಿಗೆ ಬಂದಿದ್ದವನ ಊರಿಗೆ

ನಮ್ಮ ಅಳಿಯಂದಿರು ರೋಮ್ ನಗರವನ್ನು ಹದಿನೆಂಟು ಸಾಲುಗಳಲ್ಲಿ ಮುಗಿಸಿದ್ದಾರೆ. ಶನಿವಾರ ಬೆಳಿಗ್ಗೆ ಏಳೂವರೆಗೆ ಶುರುವಾಗುವ ರೋಮ್ ಭಾನುವಾರ ರಾತ್ರಿ ಒಂಬತ್ತಕ್ಕೆ ಖಲಾಸ್. ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಎರಡೂವರೆ ತಿಂಗಳ ಮಟ್ಟಿಗೆ ಹೊರಟಿದ್ದೇವೆ. "ಅಷ್ಟು ದೂರ ಬಂದು ರೋಮ್ ನೋಡದೆ ಹೋದ್ರೆ ಹೇಗೆ ಮಾವ" ಎಂದು ಅವರೇ ಪ್ರೀತಿಯಿಂದ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ವಾಟ್ಸಾಪ್‌ಗೆ ಕಳಿಸಿದರು. ಹಳದಿ ಬಣ್ಣ ಬಳಿದದ್ದು ಟಿಕೆಟ್ ತೆಗೆದಾಗಿದೆ ಎಂದು. ಹಸಿರು ಎಂದರೆ ಪುಕ್ಕಟೆ. ಕೆಂಪು ಎಂದರೆ ‘ಅತ್ತೆಯ ಮಂಡಿ ನೋಡಿಕೊಂಡು’.

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು ನಾನು. ಅದರಲ್ಲಿ ಇಪ್ಪತ್ತು ವರ್ಷ ಶಾಲೆಯ ಟೈಮ್‌ಟೇಬಲ್ ನನ್ನದೇ. ಡ್ರಿಲ್ ಪೀರಿಯಡ್ಡನ್ನು ಊಟವಾದ ಕೂಡಲೇ ಹಾಕಬಾರದು, ಕನ್ನಡ ಮೇಷ್ಟ್ರಿಗೆ ಮೊದಲ ಪೀರಿಯಡ್ ಕೊಟ್ಟರೆ ಅವರ ಬಸ್ಸು ಬಂದಿರುವುದಿಲ್ಲ, ಇಂಥ ಲೋಕಜ್ಞಾನ ನನಗುಂಟು. ಆ ಕಣ್ಣಿನಿಂದ ನೋಡಿದರೂ ಪಟ್ಟಿಯಲ್ಲಿ ತಪ್ಪು ಸಿಗಲಿಲ್ಲ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟು ಬೇರೆ ಭಾನುವಾರ ಬಾಗಿಲು ತೆರೆಯುವುದಿಲ್ಲ, ಹಾಗಾಗಿ ಅದು ಶನಿವಾರ. ಕೊಲೊಸಿಯಂ ಭಾನುವಾರ. ಅದರ ಟಿಕೆಟ್ಟಿನ ಮೇಲೆ ನಮ್ಮ ಹೆಸರೂ ಒಳಗೆ ಹೋಗಬೇಕಾದ ಗಂಟೆಯೂ ಅಚ್ಚಾಗಿವೆ. ಕ್ರಿ.ಶ. 80ರಲ್ಲಿ ಟೈಟಸ್ ಚಕ್ರವರ್ತಿ ಅದರ ಪ್ರಾರಂಭೋತ್ಸವಕ್ಕೆ ನೂರು ದಿನ ಆಟ ಆಡಿಸಿದನಂತೆ. ನಮಗೆ ಅಲ್ಲಿ ಒಂದೂಕಾಲು ಗಂಟೆ. ಸಿಸ್ಟೀನ್ ಚಾಪೆಲ್ಲಿನ ಚಾವಣಿಗೆ ಮೈಕೆಲೇಂಜೆಲೊ 1508ರಿಂದ 1512ರವರೆಗೆ ಬಣ್ಣ ಹಚ್ಚಿದ. ನಮಗೆ ಇಪ್ಪತ್ತು ನಿಮಿಷ. ನನ್ನ ಕತ್ತಿನ ಸ್ಥಿತಿಗೆ ಅದೇ ಧಾರಾಳವಾಯಿತು.

ಎಲ್ಲ ಸರಿ, ಹದಿನೆಂಟು ಸಾಲಿನಲ್ಲಿ ನನ್ನದೊಂದು ಸಾಲಿಲ್ಲ.

ಫೋನಿನಲ್ಲಿ ಕೇಳಿದೆ. "ಸಾಂತಾ ಮರಿಯಾ ಇನ್ ಆರಾಚೇಲಿ ಅಂತ ಒಂದು ಚರ್ಚಿದೆಯಲ್ಲ..." ಅಳಿಯಂದಿರು ಅಲ್ಲೇ ಹುಡುಕಿದರು. "ಮಾವ, ರೋಮ್‌ನಲ್ಲಿ ಒಂಬೈನೂರಕ್ಕೂ ಮೇಲೆ ಚರ್ಚುಗಳಿವೆ. ಇದಕ್ಕೆ 124 ಮೆಟ್ಟಿಲು ಬೇರೆ. ಅಲ್ಲೇನಿದೆ?"

ಅಲ್ಲಿ ನಮ್ಮೂರಿಗೆ ಬಂದು ಹೋದ ಒಬ್ಬ ಮನುಷ್ಯ ಮಲಗಿದ್ದಾನೆ ಎಂದರೆ ಅವರು ಕೇರಳದ ಪಾದ್ರಿ ಯಾರೋ ಇರಬೇಕೆಂದುಕೊಂಡರು.

ಪಿಯೆತ್ರೊ ದೆಲ್ಲಾ ವಾಲ್ಲೆ ರೋಮಿನ ದೊಡ್ಡ ಮನೆತನದವನು, ಹುಟ್ಟಿದ್ದು 1586ರಲ್ಲಿ. ಒಲಿದ ಹುಡುಗಿ ಕೈತಪ್ಪಿ ಸಾಯಲು ಹೊರಟವನಿಗೆ ನೇಪಲ್ಸಿನ ವೈದ್ಯ ಸ್ನೇಹಿತನೊಬ್ಬ ದೇಶ ಸುತ್ತಿ ಬಾ ಎಂದ. 1614ರಲ್ಲಿ ಹೊರಟವನು ಮನೆಗೆ ಮರಳಿದ್ದು 1626ರಲ್ಲಿ. ನಡುವಿನ ಹನ್ನೆರಡು ವರ್ಷ ಕಂಡದ್ದನ್ನೆಲ್ಲ ಆ ವೈದ್ಯನಿಗೆ ಕಾಗದ ಬರೆದ. 1623ರ ನವೆಂಬರ್‌ನಲ್ಲಿ ಬರೆದ ಕಾಗದಗಳಲ್ಲಿ ಇರುವುದು ಇಕ್ಕೇರಿ. ಗೋವೆಯ ಪೋರ್ಚುಗೀಸರು ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ ರಾಯಭಾರಿಯ ಜೊತೆ, ತನಗೆ ಯಾವ ಕೆಲಸವೂ ಇಲ್ಲದಿದ್ದರೂ, ಸುಮ್ಮನೆ ನೋಡಿ ಬರೋಣವೆಂದು ಬಂದ. ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಏರಿ ನಮ್ಮ ಸೀಮೆ. ಆ ಹೊಳೆಯ ದಾರಿಯನ್ನು ಬಾಯ್ತುಂಬ ಹೊಗಳಿದ್ದಾನೆ. ಊರನ್ನು ಹೊಗಳಲಿಲ್ಲ. ಮೂರು ಸುತ್ತಿನ ಕೋಟೆಯಲ್ಲಿ ಎರಡು ಸುತ್ತು ಗೋಡೆಯೇ ಅಲ್ಲ, ಒತ್ತಾಗಿ ಬೆಳೆಸಿದ ಬಿದಿರು ಎಂದ. ಮನೆಗಳು ಅಲ್ಲೊಂದು ಇಲ್ಲೊಂದು, ಕಟ್ಟಿದ್ದೂ ಅಷ್ಟಕ್ಕಷ್ಟೆ ಎಂದ. ವೆಂಕಟಪ್ಪ ನಾಯಕನನ್ನು ರಾಜ ಎನ್ನಲು ಮನಸ್ಸು ಬಾರದೆ, ‘ಪುಟ್ಟ ರಾಜ’ ಎನ್ನುವ ಅರ್ಥದ ಮಾತು ಹುಡುಕಿಕೊಂಡ. ಸಾಗರ ತಾಲ್ಲೂಕಿನವರು ಇದನ್ನು ಇನ್ನೂ ಕ್ಷಮಿಸಿಲ್ಲ. ಅಂದರೆ ನಾನು ಕ್ಷಮಿಸಿಲ್ಲ, ಉಳಿದವರಿಗೆ ಗೊತ್ತಿಲ್ಲ.

ಅವನ ಮೇಲೆ ನನಗೆ ಮೋಹ ಹುಟ್ಟಿದ್ದು ಬೇರೆ ಕಾರಣಕ್ಕೆ. ಘಟ್ಟ ಹತ್ತಿ ಬಂದವನು ಗುಡಿಯೊಂದರ ಜಗಲಿಯಲ್ಲಿ ಬಿಡಾರ ಮಾಡಿದ್ದಾಗ, ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ಕಂಡ. ನೆಲದ ಮೇಲೆ ನುಣುಪು ಮರಳು ಹರಡಿಕೊಂಡು, ಎಲ್ಲರೂ ಒಂದೇ ರಾಗದಲ್ಲಿ ಹೇಳುತ್ತ, ಹೇಳಿದ್ದನ್ನೇ ಬೆರಳಿನಿಂದ ಬರೆಯುತ್ತ, ಜಾಗ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುತ್ತ ಕೂತಿದ್ದರು. ಮೇಷ್ಟ್ರು ಇರಲಿಲ್ಲ. ತಪ್ಪಿದರೆ ತಿದ್ದುವವರು ಯಾರು ಎಂದು ಇವನು ಕೇಳಿದ. ನಾಲ್ಕೂ ಜನಕ್ಕೆ ಒಂದೇ ಸಲ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲವಲ್ಲ ಎಂದವಂತೆ ಹುಡುಗರು. ಅವನಿಗೆ ಈ ಉತ್ತರ ಬಹಳ ಹಿಡಿಸಿತು. ನನಗೂ. ನಲವತ್ತು ಹುಡುಗರಿಗೆ ಒಂದೇ ಸಲ ಒಂದೇ ಕಡೆ ತಪ್ಪಿದ್ದನ್ನು ಪ್ರತಿ ಮಾರ್ಚಿನಲ್ಲೂ ಕಂಡವನಿಗೆ ಆ ನಾಲ್ವರ ಮೇಲೆ ಎಷ್ಟು ಗೌರವ ಬಂದಿರಬೇಡ!

ಹಾಗೆ ಬಂದು, ನಮ್ಮ ಹುಡುಗರ ಮಗ್ಗಿ ಕೇಳಿಸಿಕೊಂಡು, ಅದನ್ನು ಕಾಗದದಲ್ಲಿ ಬರೆದು ಹೋದವನ ಮನೆಗೆ ನಾಲ್ಕು ನೂರು ವರ್ಷವಾದರೂ ನಮ್ಮ ಕಡೆಯಿಂದ ಯಾರೂ ಹೋಗಿಲ್ಲ. ಮಲೆನಾಡಿನಲ್ಲಿ ಬಂದವರ ಮನೆಗೆ ಒಮ್ಮೆಯಾದರೂ ಹೋಗಿ ಬರದಿದ್ದರೆ ಆಡಿಕೊಳ್ಳುತ್ತಾರೆ. ವೀಸಾ ಅರ್ಜಿಯಲ್ಲಿ ಪ್ರವಾಸದ ಉದ್ದೇಶ ಕೇಳಿದ ಕಡೆ ಇದನ್ನೇ ಬರೆಯಬೇಕೆಂದು ಕೈ ತುರಿಸಿತು. ಮಗಳು ಹೆದರಿಸಿದ್ದರಿಂದ ‘ಮಗಳ ಭೇಟಿ’ ಎಂದು ಬರೆದೆ. ಅಂದಹಾಗೆ, ಆ ವೀಸಾಕ್ಕೆ ಮೂವತ್ತು ಸಾವಿರ ಯೂರೋದ ಆರೋಗ್ಯವಿಮೆ ಕಡ್ಡಾಯ. ಕಾಯಿಲೆ ಬಿದ್ದರೆ ಆಸ್ಪತ್ರೆಗೆ, ಸತ್ತರೆ ಹೆಣವನ್ನು ಊರಿಗೆ ಮುಟ್ಟಿಸುವುದಕ್ಕೆ.

ಈ ಎರಡನೆಯ ಷರತ್ತನ್ನು ನಾನು ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ನನ್ನಾಕೆ ಅವಲಕ್ಕಿ ಹುರಿಯುತ್ತಿದ್ದವಳು ಸೌಟು ನಿಲ್ಲಿಸಿದಳು. ದೆಲ್ಲಾ ವಾಲ್ಲೆಯ ಉಳಿದ ಕಥೆಯನ್ನು ಆಗ ಹೇಳಿದೆ.

ಅವನು ಬಾಗ್ದಾದಿನಲ್ಲಿ 1616ರಲ್ಲಿ ಸಿತ್ತಿ ಮಾನಿ ಎಂಬ ಹುಡುಗಿಯನ್ನು ಮದುವೆಯಾದ. ಪರ್ಷಿಯಾದ ಉದ್ದಕ್ಕೂ ಇಬ್ಬರೂ ತಿರುಗಿದರು. 1621ರ ಕೊನೆಯಲ್ಲಿ, ಹೊರ್ಮುಜ್ ಕಡಲ ಹತ್ತಿರ ಮಿನಾಬ್ ಎಂಬಲ್ಲಿ, ಬಸುರು ಇಳಿದು, ಜ್ವರ ಬಂದು ಅವಳು ತೀರಿಕೊಂಡಳು. ಪರದೇಶದ ಮಣ್ಣಿನಲ್ಲಿ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ದೇಹಕ್ಕೆ ಕರ್ಪೂರ ತುಂಬಿಸಿ, ಪೆಟ್ಟಿಗೆಯಲ್ಲಿಟ್ಟು, ಜೊತೆಯಲ್ಲೇ ಒಯ್ದ. ಆ ಪೆಟ್ಟಿಗೆ ಹಡಗು ಹತ್ತಿ ಹಿಂದೂಸ್ತಾನಕ್ಕೂ ಬಂತು. ಕೊನೆಗೆ ರೋಮಿಗೆ ಮುಟ್ಟಿಸಿ, 1627ರಲ್ಲಿ ಆರಾಚೇಲಿಯಲ್ಲಿದ್ದ ತನ್ನ ಮನೆತನದ ಸಮಾಧಿಯಲ್ಲಿ ಇಟ್ಟ. ಅವತ್ತಿನ ಭಾಷಣ ಅವನೇ ಮಾಡಿದ, ಮಾಡುತ್ತ ಅತ್ತುಬಿಟ್ಟ.

"ನಮಗೆ ತಲೆಗೆ ಇಪ್ಪತ್ತಮೂರೇ ಕೆ.ಜಿ. ಅಂತಾರೆ" ಎಂದಳು ನನ್ನಾಕೆ, ಸ್ವಲ್ಪ ಹೊತ್ತು ಬಿಟ್ಟು. ಆಮೇಲೆ, "ನಾನು ಅಲ್ಲೇ ಹೋದ್ರೆ ನೀವು ಹೀಗೆ ಹೊತ್ಕೊಂಡು ಬರ್ತೀರಾ?"

ನಲವತ್ತೊಂದು ವರ್ಷದ ದಾಂಪತ್ಯದಲ್ಲಿ ನಾನು ಕಲಿತದ್ದು, ಇಂಥ ಪ್ರಶ್ನೆಗೆ ತಡಮಾಡದೆ ಉತ್ತರಿಸಬೇಕೆಂಬುದು. "ವಿಮೆ ಇದೆಯಲ್ಲ" ಎಂದುಬಿಟ್ಟೆ. ಅವಲಕ್ಕಿ ಸೀದಿತು.

ಸಮಾಧಾನಕ್ಕೆಂದು ಉಳಿದದ್ದನ್ನೂ ಹೇಳಿದೆ. ಮಾನಿ ಸಾಕಿಕೊಂಡಿದ್ದ ಜಾರ್ಜಿಯಾದ ತಬ್ಬಲಿ ಹುಡುಗಿಯೊಬ್ಬಳು ಆ ಪ್ರಯಾಣದುದ್ದಕ್ಕೂ ಜೊತೆಗಿದ್ದಳು. ರೋಮಿಗೆ ಹೋದ ಮೇಲೆ ಅವಳನ್ನೇ ಮದುವೆಯಾದ, ಹದಿನಾಲ್ಕು ಮಕ್ಕಳಾದವು. "ಹದಿನಾಲ್ಕು!" ಎಂದು ನನ್ನಾಕೆ ಬಾಣಲೆ ಇಳಿಸಿದಳು. "ಹೊತ್ತಿದ್ದನ್ನು ಇಳಿಸೋದೇ ಕಾಯ್ತಿದ್ದ ಅನ್ನಿ."

ಇಕ್ಕೇರಿಯ ಬೀದಿಯಲ್ಲಿ ಅವನು ಕಂಡ ಇನ್ನೊಂದು ಸಂಗತಿಯನ್ನು ಹೇಳಲೋ ಬೇಡವೋ ಎಂದು ಎರಡು ದಿನ ತಡೆದುಕೊಂಡೆ. ಕುದುರೆಯ ಮೇಲೆ, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು, ವಾದ್ಯದ ಜೊತೆ ಒಬ್ಬ ಹೆಂಗಸು ಊರು ಸುತ್ತುತ್ತಿದ್ದಳು. ಗಂಡ ಸತ್ತಿದ್ದ, ಅವಳು ಸಹಗಮನಕ್ಕೆ ನಿಶ್ಚಯಿಸಿದ್ದಳು. ಮರುದಿನಗಳಲ್ಲಿ ಇವನು ಅವಳ ಮನೆಗೇ ಹೋದ. ಹೆಸರು ಕೇಳಿ ಬರೆದುಕೊಂಡ. ಅವನ ಕಾಗುಣಿತದಲ್ಲೂ ನಮ್ಮ ಕಿವಿಗೆ ಅದು ಜಕ್ಕಮ್ಮ ಎಂದೇ ಕೇಳುತ್ತದೆ. ಗಂಡ ಡೋಲು ಬಾರಿಸುವವನಾಗಿದ್ದ. ಬೇಡ ಎಂದು ಇವನು ಹೇಳಿ ನೋಡಿದ, ಅವಳು ಕೇಳಲಿಲ್ಲ. ನಿನ್ನ ಹೆಸರನ್ನು ನಮ್ಮ ದೇಶಕ್ಕೆ ಒಯ್ಯುತ್ತೇನೆ ಎಂದು ಮಾತು ಕೊಟ್ಟು, ಅವಳ ಮೇಲೆ ಸಾನೆಟ್ ಬರೆದ. ಸತ್ತ ಹೆಂಡತಿಯನ್ನು ಮಣ್ಣಿಗೆ ಕೊಡಲಾರದೆ ತಿರುಗುತ್ತಿದ್ದವನು, ಸತ್ತ ಗಂಡನ ಹಿಂದೆ ಬೆಂಕಿಗೆ ಹೊರಟವಳ ಮುಂದೆ ಕೂತು ಏನು ಮಾತಾಡಿರಬಹುದು? ಇಕ್ಕೇರಿಯ ಅಘೋರೇಶ್ವರನ ಗುಡಿಯ ಮುಂದೆ ಸಂಜೆ ಕೂತಾಗಲೆಲ್ಲ ನನಗೆ ಇದೇ ಯೋಚನೆ. ಕೋಟೆಯ ಬಿದಿರೂ ಇಲ್ಲ, ಅರಮನೆಯೂ ಇಲ್ಲ. ಗುಡಿಯೊಂದು ಕರಿಗಲ್ಲಿನ ಆನೆಯ ಹಾಗೆ ಹುಲ್ಲಿನ ನಡುವೆ ಮಲಗಿದೆ.

ಇದನ್ನು ಕೇಳಿದ ಮೇಲೆ ನನ್ನಾಕೆ ಏನೂ ಅನ್ನಲಿಲ್ಲ. ರಾತ್ರಿ ಮಂಡಿಗೆ ಎಣ್ಣೆ ನೀವಿಕೊಳ್ಳುತ್ತ, "ಆ ಮೆಟ್ಟಿಲು ಎಷ್ಟು ಅಂದ್ರಿ?" ಎಂದಳು.

124. 1348ರಲ್ಲಿ, ಪ್ಲೇಗ್ ಮಾರಿ ಇಳಿದದ್ದಕ್ಕೆ ಹರಕೆಯಾಗಿ ಕಟ್ಟಿದ ಅಮೃತಶಿಲೆಯ ಮೆಟ್ಟಿಲು. ಗಂಡು ಸಿಗದವರು, ಮಕ್ಕಳಾಗದವರು, ಲಾಟರಿ ಹೊಡೆಯಲೆಂದು ಬಯಸುವವರು ಅದನ್ನು ಮಂಡಿಯ ಮೇಲೆ ಹತ್ತುವ ಪದ್ಧತಿಯಿತ್ತಂತೆ. "ಮಂಡಿ ಸರಿಯಾಗಲಿ ಅಂತ ಹರಕೆ ಹೊತ್ತವರು ಯಾವುದರ ಮೇಲೆ ಹತ್ತಬೇಕು?" ಎಂಬ ಅವಳ ಪ್ರಶ್ನೆಗೆ ರೋಮಿನ ಶಾಸ್ತ್ರದಲ್ಲಿ ಉತ್ತರವಿರಲಾರದು.

ಇಷ್ಟರಲ್ಲಿ ಊಟದ ಪಟ್ಟಿ ಬಂತು. ನಾವು ಮಾಂಸ ತಿನ್ನುವವರಲ್ಲ. ರೋಮಿನದೇ ಊಟ ಒಂದಿದೆ, ಕಾಚೊ ಎ ಪೆಪೆ ಅಂತ, ಉದ್ದ ಶ್ಯಾವಿಗೆಗೆ ಚೀಸು ಮತ್ತು ಕುಟ್ಟಿದ ಕಾಳುಮೆಣಸು, ಅಷ್ಟೆ ಎಂದಳು ಮಗಳು. ನನಗೆ ರೋಮಾಂಚನವಾಯಿತು. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು, ದೆಲ್ಲಾ ವಾಲ್ಲೆಯೂ ಅದನ್ನು ಬರೆದಿದ್ದಾನೆ. ನಮ್ಮ ಘಟ್ಟದ ಮೆಣಸು ಅವನ ಊರಿನ ತಟ್ಟೆಯಲ್ಲಿ! ಇದಕ್ಕಿಂತ ಬೀಗರೂಟ ಬೇಕೆ? ಮರುದಿನ ಅಳಿಯಂದಿರು ಸಂಕೋಚದಿಂದ ಫೋನ್ ಮಾಡಿದರು. ಅದಕ್ಕೆ ಹಾಕುವ ಪೆಕೊರಿನೊ ಚೀಸನ್ನು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರಂತೆ. ಶ್ಯಾವಿಗೆ ಪಟ್ಟಿಯಿಂದ ಇಳಿಯಿತು. ಈಗ ಉಳಿದಿರುವುದು ಚೀಸಿಲ್ಲದ ಮರಿನಾರಾ ಪಿಜ್ಜಾ. ಅದರ ಪಕ್ಕಕ್ಕೆ ನಂಚಿಕೊಳ್ಳಲು ನನ್ನಾಕೆ ಅಪ್ಪೆಮಿಡಿಯನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದಾಳೆ. ನೀರಿಗೆ ಚಿಂತೆಯಿಲ್ಲ. ಆ ಊರಿನ ಬೀದಿಗಳಲ್ಲಿ ಎರಡೂವರೆ ಸಾವಿರದಷ್ಟು ನಲ್ಲಿಗಳು ಹಗಲಿರುಳು ಸುರಿಯುತ್ತವೆ, ಬಗ್ಗಿದ ಕೊಳವೆ ದೊಡ್ಡ ಮೂಗಿನಂತಿರುವುದರಿಂದ ಜನ ಅವನ್ನು ‘ನಾಸೋನಿ’, ಅಂದರೆ ದೊಡ್ಡ ಮೂಗಿನವು, ಎನ್ನುತ್ತಾರೆ. ನಾಸಿಕ, ನಾಸೋನಿ. ಭಾಷಾಶಾಸ್ತ್ರ ನನ್ನ ವಿಷಯವಲ್ಲ, ಆದರೂ ನೆಂಟಸ್ತಿಕೆ ಕೂಡಿಬರುತ್ತಿದೆ ಎನ್ನಿಸಿತು.

ತಿರುವು ಕೊಟ್ಟದ್ದು ಸ್ಪ್ಯಾನಿಷ್ ಸ್ಟೆಪ್ಸ್. ಹನ್ನೊಂದನೆಯ ಸಾಲು, ಹಸಿರು ಮತ್ತು ಕೆಂಪು, ನಲವತ್ತು ನಿಮಿಷ. 135 ಮೆಟ್ಟಿಲು ಎಂದು ಮಗಳು ವಿವರಿಸುತ್ತಿದ್ದಳು. ಹತ್ತಿ ಏನು ನೋಡುವುದು ಎಂದು ಅಮ್ಮ ಕೇಳಿದಳು. ಹತ್ತಬೇಕೆಂದೇನಿಲ್ಲ, ನೋಡುವುದು ಎಂದಳು ಮಗಳು. "ನಾನು ಅಲ್ಲೇ ಕೂತಿರ್ತೀನಿ." "ಕೂರೋ ಹಾಗಿಲ್ಲಮ್ಮ, 2019ರಿಂದ ಕೂತ್ರೆ ದಂಡ."

"ಕೂರೋಕೂ ಬಿಡದ ಮೆಟ್ಟಿಲು ಯಾಕೆ? ಅದನ್ನು ತೆಗೆದು ನಿಮ್ಮಪ್ಪ ಹೇಳಿದ ಚರ್ಚು ಹಾಕು" ಎಂದಳು ನನ್ನಾಕೆ. ನಾನು ಮೂರು ವಾರದಿಂದ ಹನ್ನೆರಡು ಕಾಗದದಷ್ಟು ಇತಿಹಾಸ ಹೇಳಿ ಮಾಡಲಾರದ್ದು ಒಂದು ವಾಕ್ಯದಲ್ಲಿ ಆಯಿತು. ಮಗಳು ನಕ್ಷೆ ನೋಡಿ ದಾರಿಯನ್ನೂ ಹುಡುಕಿದಳು. ಆರಾಚೇಲಿಯ ಮೆಟ್ಟಿಲಿನ ಪಕ್ಕದಲ್ಲೇ ಮೈಕೆಲೇಂಜೆಲೊ ಕಲ್ಪಿಸಿದ ಇಳಿಜಾರು ದಾರಿಯೊಂದು ಗುಡ್ಡದ ಮೇಲಿನ ಚೌಕಕ್ಕೆ ಹೋಗುತ್ತದೆ. ಸವಾರರು ಕುದುರೆಯಿಂದ ಇಳಿಯದೆ ಹತ್ತಲೆಂದು ಮಾಡಿದ್ದು. ಅಲ್ಲಿಂದ ಪಕ್ಕದ ಬಾಗಿಲಿಗೆ ಕೆಲವೇ ಮೆಟ್ಟಿಲು.

"ನಿನಗೆ ಅಲ್ಲೇನು ನೋಡಬೇಕು?" ಎಂದು ನಾನು ಕೇಳಬಾರದಿತ್ತು, ಕೇಳಿದೆ.

"ನೋಡೋದೇನಿದೆ. ಮುತ್ತೈದೆಯಾಗಿ ಹೋದವಳು. ನಮ್ಮ ಕಡೆವರೆಗೂ ಬಂದು ಒಂದು ಅರಿಶಿನ ಕುಂಕುಮ ಇಲ್ಲದೆ ಹೋದಳಲ್ಲ."

ಚರ್ಚಿನೊಳಗೆ ಕುಂಕುಮ ಗಿಂಕುಮ ಹಾಕಿದರೆ ಹಿಡಿದುಕೊಳ್ತಾರೆ ಅಮ್ಮ ಎಂದು ಮಗಳು ಗಾಬರಿಯಾದಳು. "ನೆಲಕ್ಕೆ ಯಾರೇ ಹಾಕ್ತಾರೆ? ಅಲ್ಲಿ ನಿಂತು ನಾನು ಇಟ್ಕೋತೀನಿ."

ತ್ರೇವಿ ಕಾರಂಜಿಗೆ ಬೆನ್ನು ಮಾಡಿ ನಿಂತು, ಬಲಗೈಯಿಂದ ಎಡಭುಜದ ಮೇಲೆ ನಾಣ್ಯ ಎಸೆದರೆ ಮತ್ತೆ ರೋಮಿಗೆ ಬರುತ್ತಾರೆಂಬ ನಂಬಿಕೆ. ಶನಿವಾರ ಸಂಜೆ ಏಳಕ್ಕೆ ಅದು ಪಟ್ಟಿಯಲ್ಲಿದೆ. ಎಸೆದ ದುಡ್ಡು ಬಡವರ ಅನ್ನಕ್ಕೆ ಹೋಗುತ್ತದೆಯೆಂದು ತಿಳಿದು ನಾವೂ ಎರಡು ನಾಣ್ಯ ಎತ್ತಿಟ್ಟಿದ್ದೇವೆ. ನನಗೆ ಅರವತ್ತೊಂಬತ್ತು, ಅವಳಿಗೆ ಅರವತ್ತನಾಲ್ಕು. ಎರಡನೆಯ ಸಲದ ಲೆಕ್ಕವನ್ನು ನಾನು ಹಾಕಲು ಹೋಗಿಲ್ಲ.

ಅಳಿಯಂದಿರು ತಿದ್ದಿದ ಪಟ್ಟಿ ನಿನ್ನೆ ಬಂತು. ಹನ್ನೊಂದನೆಯ ಸಾಲು: ಆರಾಚೇಲಿ, ಭಾನುವಾರ, ನಲವತ್ತು ನಿಮಿಷ, ಹಸಿರು. ಷರಾ ಕಂಬದಲ್ಲಿ ‘ಮಾವನ ಸ್ನೇಹಿತ’ ಎಂದಿದೆ. ಗುರುವಾರ ರಾತ್ರಿ ಸಾಗರದಿಂದ ರೈಲು. ಅಡಿಕೆ ತೂಗುವ ತಕ್ಕಡಿಯಲ್ಲಿ ಪೆಟ್ಟಿಗೆ ಇಟ್ಟು ನೋಡಿದೆ, ಅಪ್ಪೆಮಿಡಿ ಸೇರಿ ಇಪ್ಪತ್ತೆರಡು ಕೆ.ಜಿ. ಎಂಟುನೂರು ಗ್ರಾಂ. ಕುಂಕುಮದ ಭರಣಿ ಅವಳ ಕೈಚೀಲದಲ್ಲಿದೆ.