ಪುಕ್ಕಟೆ ಸಿಪ್ಪೆ, ತುಟ್ಟಿ ಸಕ್ಕರೆ

ನಮ್ಮ ಬಾಗಲಕೋಟೆ ಸೀಮೆಯ ಅಡುಗೆಮನೆಯಲ್ಲಿ ಸಿಪ್ಪೆಗೆ ಮರ್ಯಾದೆಯಿದೆ. ಹೀರೇಕಾಯಿ ಪಲ್ಯ ಮಾಡಿದ ದಿನ ಅದರ ಸಿಪ್ಪೆ ಹುರಿದು ಚಟ್ನಿ ರುಬ್ಬದ ಸೊಸೆಯನ್ನು ಕೈ ಬಿಗಿಯಿಲ್ಲದವಳೆಂದೇ ತಿಳಿಯುತ್ತಾರೆ. ಇಂಡಿಯ ಲಿಂಬೆ ತಂದು ಉಪ್ಪಿನಕಾಯಿ ಹಾಕಿದರೆ, ವರ್ಷವಿಡೀ ರೊಟ್ಟಿಯ ಜೊತೆ ಹಲ್ಲಿಗೆ ಸಿಗುವುದು ಸಿಪ್ಪೆಯೇ. ಒಳಗಿನದೆಲ್ಲ ಉಪ್ಪು-ಖಾರದಲ್ಲಿ ಕರಗಿರುತ್ತದೆ. 1997ಕ್ಕೆ ಮೊದಲು ಇಂಡಿಯೂ ನಾವೂ ಒಂದೇ ಜಿಲ್ಲೆಯವರು. ಜಿಲ್ಲೆ ಎರಡಾದರೂ ಲಿಂಬೆಯ ನಂಟು ಹರಿದಿಲ್ಲ.

ಇಷ್ಟಿದ್ದೂ ಸಂತ್ರಿ, ಮೋಸಂಬಿ ಸಿಪ್ಪೆಗೆ ಮಾತ್ರ ತಿಪ್ಪೆಯೇ ಗತಿ. ಮೈಸೂರು ಕಡೆಯವರು ಗೊಜ್ಜಾದರೂ ಮಾಡುತ್ತಾರೆ. ನಾವು ಹೆಚ್ಚೆಂದರೆ ಒಣಗಿಸಿ, ಪುಡಿ ಮಾಡಿ ಮುಖಕ್ಕೆ ಹಚ್ಚುತ್ತೇವೆ. ಹುಡುಗರು ಅದನ್ನು ಹಿಂಡಿ ಪಕ್ಕದವರ ಕಣ್ಣಿಗೆ ಹಾರಿಸುತ್ತಾರೆ. ದೊಡ್ಡವರು ಮರೆತದ್ದು ಹುಡುಗರಿಗೆ ಗೊತ್ತು: ಹಣ್ಣಿನ ಘಮವೆಲ್ಲ ಸಿಪ್ಪೆಯ ಹೊರಮೈಯ ಸಣ್ಣ ಎಣ್ಣೆಚೀಲಗಳಲ್ಲಿದೆ. ದೀಪದ ಹತ್ತಿರ ಹಿಂಡಿ ನೋಡಿ, ಚಟಪಟನೆ ಕಿಡಿ ಹಾರುತ್ತದೆ.

ಈ ಘಮವನ್ನು ಸಕ್ಕರೆಯಲ್ಲಿ ಹಿಡಿದಿಡುವ ಗೀಳು ನನ್ನದು. ಬೇಕರಿಯ ಕೇಕಿನೊಳಗಿನ ಕೆಂಪು-ಹಸಿರು ಚೂರುಗಳು ಬಹುತೇಕ ಬಣ್ಣ ಹಚ್ಚಿದ ಪಪ್ಪಾಯಿಕಾಯಿ. ಅಸಲು ಕೆಲಸ ಸಿಪ್ಪೆಯದು. ನಾಗಪುರದ ಸಂತ್ರಿಯ ಸಿಪ್ಪೆ ತೆಳು, ಮೋಸಂಬಿಯದು ದಪ್ಪ, ಪಾಕ ಹೀರಲು ಅದೇ ಲೇಸು. ಉದ್ದುದ್ದ ಹೆಚ್ಚಿ, ನೀರಿನಲ್ಲಿ ಕುದಿಸಿ ಬಸಿಯಬೇಕು. ಹೊಸ ನೀರು ಹಾಕಿ ಮತ್ತೆ ಕುದಿಸಬೇಕು. ಮೂರನೆಯ ಸಲಕ್ಕೆ ಕಹಿ ಹದಕ್ಕೆ ಬರುತ್ತದೆ. ಪೂರಾ ಹೋಗಬಾರದು, ಹೋದರೆ ಬರೀ ಸಕ್ಕರೆಯಾದೀತು.

ಮೊದಲ ದಿನ ಪಾಕ ತೆಳ್ಳಗಿರಬೇಕು. ದಿನಾ ಅದನ್ನಷ್ಟೇ ಬಸಿದು, ಇನ್ನಷ್ಟು ಕಾಯಿಸಿ, ಮತ್ತೆ ಸಿಪ್ಪೆಯ ಮೇಲೆ ಸುರಿಯಬೇಕು. ಅವಸರಪಟ್ಟು ಒಮ್ಮೆಲೇ ಗಟ್ಟಿ ಪಾಕಕ್ಕೆ ಹಾಕಿದರೆ ಒಳಗಿನ ನೀರು ಓಡಿಬರುತ್ತದೆ, ಸಕ್ಕರೆ ಒಳಗೆ ಹೋಗುವುದಿಲ್ಲ, ಸಿಪ್ಪೆ ಚಕ್ಕಳವಾಗುತ್ತದೆ. ನಿಧಾನಿಸಿದರೆ ಒಳಮೈಯ ಬಿಳಿ ಪದರ ದಿನದಿನಕ್ಕೆ ತಿಳಿಯಾಗುತ್ತ, ಕಡೆಗೆ ಬೆಳಕಿಗೆ ಹಿಡಿದರೆ ಬೆರಳು ಕಾಣುವಷ್ಟು ಪಾರದರ್ಶಕವಾಗುತ್ತದೆ. ಆಮೇಲಿನದು ನಮ್ಮ ಬಿಸಿಲಿನ ಕೆಲಸ. ಹುನಗುಂದ, ಇಳಕಲ್ಲಿನ ಮಾಳಿಗೆಗಳ ಮೇಲೆ ಸಂಡಿಗೆ, ಶಾವಿಗೆ ಒಣಗುವ ಬಿಸಿಲಿಗೆ ಸಿಪ್ಪೆ ಯಾವ ಲೆಕ್ಕ!

ನಮ್ಮ ಅತ್ತೆಯ ತಕರಾರು ಬೇರೆ. "ಪುಕ್ಕಟ ಸಿಪ್ಪಿಗೆ ಕಿಲೋ ಸಕ್ರಿ, ಮ್ಯಾಲ ಗ್ಯಾಸು! ಯಾವೂರ ಉಳಿತಾಯವಾ ಇದು?"

ಮಾತು ನಿಜ. ಆದರೆ ಹುನಗುಂದದ ಹಾದಿಯ ಅಮೀನಗಡದಲ್ಲಿ ಬಸ್ಸಿಳಿದವರು ಪೊಟ್ಟಣ ಪೊಟ್ಟಣ ಕಟ್ಟಿಸಿಕೊಳ್ಳುವ ಕರದಂಟು ಯಾವ ಉಳಿತಾಯ? ಗಿಡದ ಅಂಟನ್ನು ತುಪ್ಪದಲ್ಲಿ ಕರಿದು, ಕೊಬ್ಬರಿ, ಉತ್ತತ್ತಿ, ಗೋಡಂಬಿ ಕೂಡಿಸಿ, ಬೆಲ್ಲದ ಪಾಕದಲ್ಲಿ ಕಟ್ಟಿದ್ದು. ಬರೀ ಅಂಟನ್ನು ಯಾರು ತಿಂದಾರು? ಮುಟ್ಟಿ ನೋಡದ ವಸ್ತುವಿನ ಮೇಲೆ ಕೈಬಿಚ್ಚಿ ಖರ್ಚು ಮಾಡಿದ ಮೇಲೇ ಅದಕ್ಕೆ ಊರಿನ ಹೆಸರು ಬಂದದ್ದು.

ಅತ್ತೆಗೆ ಇಷ್ಟನ್ನು ಹೇಳಿದೆ. ಅವರು ಉತ್ತರ ಕೊಡಲಿಲ್ಲ. ಉಳಿದ ಪಾಕವನ್ನು ಶರಬತ್ತಿಗೆಂದು ಬಾಟಲಿಗೆ ತುಂಬಿಕೊಂಡರು, ಒಣಗಿದ ಸಿಪ್ಪೆಯನ್ನು ಸಣ್ಣಗೆ ಕೊಚ್ಚಿ ರವೆಉಂಡಿಗೆ ಹಾಕಿದರು. ಹಾಗಾಗಿ ಸಿಪ್ಪೆಯನ್ನು ಉಳಿತಾಯದ ಖಾತೆಯಿಂದ ತೆಗೆದು ಹಬ್ಬದ ಖಾತೆಗೆ ಬರೆದಿದ್ದೇನೆ. ಹಬ್ಬದ ಖರ್ಚನ್ನು ನಮ್ಮ ಕಡೆ ಯಾರೂ ಕೂಡಿಸಿ ನೋಡುವುದಿಲ್ಲ.